ಲ್ಯಾಮಿನೇಟ್ ನೆಲ ಕಾಲಡಿ ಕುಗ್ಗುತ್ತಿದೆ, ಕಿತ್ತು ಹಾಕಿಸಬೇಕಾ?

ಪ್ರಶ್ನೆ: ಬೆಡ್‌ರೂಮಿನ ಹಳೇ ಟೈಲ್ಸ್ ಮೇಲೆಯೇ ಲ್ಯಾಮಿನೇಟ್ ಹಾಕಿಸಿದೆವು. ಮಂಚದ ಪಕ್ಕ ಒಂದು ಕಡೆ ಕಾಲಿಟ್ಟರೆ ನೆಲ ಕೆಳಗೆ ಹೋಗಿ ಬರುತ್ತದೆ. ಎಲ್ಲಾ ಕಿತ್ತು ಹಾಕಿಸಬೇಕಾ?

ಉತ್ತರ: ಕೀಳೋ ಮಾತು ಆಮೇಲೆ. ಈ ಹಲಗೆಗಳನ್ನು ನೆಲಕ್ಕೆ ಅಂಟಿಸಿರುವುದಿಲ್ಲ, ಮೊಳೆಯೂ ಇರುವುದಿಲ್ಲ. ಸಾಮಾನ್ಯವಾಗಿ 8ರಿಂದ 12 ಮಿ.ಮೀ. ದಪ್ಪದ ಹಲಗೆಗಳು ಒಂದಕ್ಕೊಂದು ಲಾಕ್ ಆಗಿ, ತೆಳ್ಳನೆ ಫೋಮ್ ಶೀಟಿನ ಮೇಲೆ ಸುಮ್ನೆ ಕೂತಿರುತ್ತವೆ. ಕೋಣೆಯೆಲ್ಲಾ ಒಂದೇ ಸಮ ಚೂರು ಮೆತ್ತಗಿದ್ದರೆ ಅದು ಫೋಮಿನ ಗುಣ, ಚಿಂತೆ ಬೇಡ. ಒಂದೇ ಜಾಗ ಕುಗ್ಗಿದರೆ ಅಲ್ಲಿ ಹಲಗೆಯ ಕೆಳಗೆ ಟೊಳ್ಳಿದೆ. ಕೆಳಗಿನ ನೆಲ ತಗ್ಗಾಗಿದೆಯೋ, ಮೇಲಿನ ಹಲಗೆ ಎದ್ದಿದೆಯೋ ಅಂತ ಮೊದಲು ನೋಡಬೇಕು. ಎರಡಕ್ಕೂ ರಿಪೇರಿ ಬೇರೆ.

ಗಾರೆಯವರ ಹತ್ತಿರ ಇರುವ ಉದ್ದನೆ ಅಲ್ಯೂಮಿನಿಯಂ ಪಟ್ಟಿಯನ್ನು ಆ ಜಾಗದ ಮೇಲೆ ಅಡ್ಡ ಇಡಿ. ಸುಮಾರು 2 ಮೀಟರಿನದಾದರೆ ಒಳ್ಳೆಯದು. ಪಟ್ಟಿ ನಡುವೆ ಮಾತ್ರ ತಾಗಿ, ಎರಡೂ ತುದಿ ಓಲಾಡಿದರೆ ಹಲಗೆ ಉಬ್ಬಿದೆ. ನೆಟ್ಟಗೆ ಕೂತು, ಪಕ್ಕದಲ್ಲಿ ಯಾರಾದರೂ ತುಳಿದಾಗ ಮಾತ್ರ ಅಡಿಯಲ್ಲಿ ಸಂದಿ ಕಂಡರೆ ಕೆಳಗೆ ತಗ್ಗಿದೆ.

ಉಬ್ಬಿದ್ದರೆ ಗೋಡೆಯಂಚಿನ ಸ್ಕರ್ಟಿಂಗ್ ಬಿಚ್ಚಿ ನೋಡಿ. ಹಲಗೆಗೂ ಗೋಡೆಗೂ ನಡುವೆ 8–10 ಮಿ.ಮೀ. ಜಾಗ ಇರಬೇಕು. ಲ್ಯಾಮಿನೇಟಿನ ಒಳಗಿರುವುದು ಒತ್ತಿದ ಮರದ ನಾರು. ಮಳೆಗಾಲದ ತೇವಕ್ಕೆ ಅದು ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ನಡುವೆ ಏಳುತ್ತದೆ, ಇನ್ನೇನು ಮಾಡೀತು? ಬಾಗಿಲ ಚೌಕಟ್ಟಿನ ಬುಡವನ್ನೂ ನೋಡಿ, ಕೆಲಸದವರು ಜಾಸ್ತಿ ಮರೆಯುವುದು ಅಲ್ಲೇ. ಫ್ಲೋರಿಂಗ್ ಮೇಲೆಯೇ ಸ್ಕ್ರೂ ಹಾಕಿ ವಾರ್ಡ್‌ರೋಬ್ ಕೂರಿಸಿದ್ದರೂ ಇದೇ ಕಥೆ. ಬರೀ ಜಾಗದ ತೊಂದರೆಯಾದರೆ ಅಂಚು ಕತ್ತರಿಸಿದರೆ ನೆಲ ತಾನಾಗಿಯೇ ಕೂರುತ್ತದೆ.

ಜೋಡಣೆಯ ಗೆರೆ ಬೆರಳಿಗೆ ಏಣಿನ ಹಾಗೆ ತಾಗಿದರೆ ನೀರಿನ ಮೇಲೆ ಅನುಮಾನ ಪಡಿ. ಪಕ್ಕದಲ್ಲಿ ಬಾತ್‌ರೂಮ್ ಇದೆಯಾ? ಮೊದಲು ಲೀಕ್ ಸರಿಮಾಡಿಸಿ. ನೀರು ಕುಡಿದು ಊದಿದ ಹಲಗೆ ಒಣಗಿದರೂ ಮೊದಲಿನಂತಾಗುವುದಿಲ್ಲ, ಬದಲಾಯಿಸಲೇಬೇಕು.

ತಗ್ಗಿದ್ದರೆ? 2 ಮೀಟರ್ ಉದ್ದಕ್ಕೆ 3 ಮಿ.ಮೀ.ವರೆಗಿನ ಏರುತಗ್ಗನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅದಕ್ಕಿಂತ ಆಳವಾದರೆ ‘ಇನ್ನೊಂದು ಫೋಮ್ ಹಾಕಿಬಿಡೋಣ ಸಾರ್’ ಅನ್ನುವವರ ಮಾತು ಕೇಳಬೇಡಿ. ಮೆತ್ತೆ ಜಾಸ್ತಿಯಾದಷ್ಟೂ ಲಾಕ್ ಮೇಲೆ ಭಾರ ಬಿದ್ದು, ಅದು ಮುರಿಯುತ್ತದೆ. ಹತ್ತಿರದ ಗೋಡೆಯಿಂದ ಆ ಜಾಗದವರೆಗೆ ಹಲಗೆ ಬಿಚ್ಚಿಸಿ, ಫೋಮ್ ಸರಿಸಿ, ಲೆವೆಲಿಂಗ್ ಸಿಮೆಂಟಿನಿಂದ ತಗ್ಗು ತುಂಬಿಸಿ. ಚೆನ್ನಾಗಿ ಒಣಗಲು ಬಿಡಿ. ಲಾಕ್ ಮುರಿಯದಿದ್ದರೆ ಅವೇ ಹಲಗೆ ಮತ್ತೆ ಹಾಕಬಹುದು. ಬಿಚ್ಚುವಾಗ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ನಂಬರ್ ಬರೆಸಿಕೊಳ್ಳಿ.