ಆಸ್ತಿಕ ವಿಕಾಸವಾದ: ಈ ಜೋಡಿಪದದ ಅರ್ಥವೇನು?

ಡಾರ್ವಿನ್ನನಿಗೂ ಬೈಬಲ್ಲಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತಲೇ ಬಹಳ ಜನ ತಿಳಿದಿರುತ್ತಾರೆ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಲೇಬೇಕು ಅನ್ನೋ ಲೆಕ್ಕ. ಈ ಲೆಕ್ಕವನ್ನು ಒಪ್ಪದ ಕ್ರೈಸ್ತರ ನಿಲುವಿಗೆ ‘ಆಸ್ತಿಕ ವಿಕಾಸವಾದ’ ಎಂದು ಹೆಸರು. ‘ದೈವಿಕ ವಿಕಾಸವಾದ’ ಅಂತಲೂ ಹೇಳಬಹುದು.

ಅವರು ಹೇಳುವುದು ಇಷ್ಟು. ಜಗತ್ತನ್ನು ಸೃಷ್ಟಿಸಿದವನು ದೇವರು. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸಾಗಿದೆ. ಮನುಷ್ಯ, ಮೀನು, ಹುಲ್ಲು ಎಲ್ಲವೂ ಒಂದೇ ಮೂಲದಿಂದ ಕವಲೊಡೆದು ಬಂದಿವೆ. ಇವೆಲ್ಲವೂ ನಿಜ. ದೇವರು ಜೀವಿಗಳನ್ನು ಸೃಷ್ಟಿಸಿದ ಬಗೆಯೇ ವಿಕಾಸ.

ಪದಗಳನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಯಾಕಂದ್ರೆ ಎರಡೂ ಪದಗಳು ದಾರಿ ತಪ್ಪಿಸುತ್ತವೆ. ಹಳೆಯ ದರ್ಶನಗಳಲ್ಲಿ ‘ಆಸ್ತಿಕ’ ಅಂದರೆ ವೇದವನ್ನು ಪ್ರಮಾಣವೆಂದು ಒಪ್ಪುವವನು. ಇಲ್ಲಿ ಆ ಅರ್ಥ ಬೇಡ. ದೇವರನ್ನು ನಂಬುವವನು, ಅಷ್ಟೆ. ‘ವಿಕಾಸ’ದ ತೊಂದರೆ ಇನ್ನೂ ಜಾಸ್ತಿ. ವಿಕಾಸ ಅಂದರೆ ಅರಳುವುದು. ಮೊಗ್ಗಿನೊಳಗೆ ಹೂವು ಮೊದಲೇ ಮಡಚಿಕೊಂಡು ಕೂತಿರುತ್ತದೆ, ಹೊತ್ತು ಬಂದಾಗ ಬಿಚ್ಚಿಕೊಳ್ಳುತ್ತದೆ. ಜೀವಶಾಸ್ತ್ರ ಹೇಳುವುದು ಹಾಗಲ್ಲ. ಹುಟ್ಟುವ ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಆ ಜಾಗಕ್ಕೆ ಹೊಂದುವಂಥವು ಹೆಚ್ಚು ಮರಿ ಹಾಕುತ್ತವೆ. ಹೀಗೇ ಲಕ್ಷಾಂತರ ತಲೆಮಾರು. ಮಡಚಿಟ್ಟ ಹೂವು ಅಲ್ಲಿ ಇಲ್ಲ. ಹಾಗಾದರೆ ದೇವರ ಉದ್ದೇಶ ಎಲ್ಲಿದೆ? ಈ ಪ್ರಶ್ನೆಗೆ ಆಮೇಲೆ ಬರೋಣ.

ಮೊದಲು ಅಕ್ಕಪಕ್ಕದ ಎರಡು ಪದಗಳು. ಭೂಮಿಗೆ ಕೆಲವೇ ಸಾವಿರ ವರ್ಷ ಅನ್ನುವವರು ಸೃಷ್ಟಿವಾದಿಗಳು. 1650ರಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿ ಮತ್ತು ಕಾಲಗಣನೆಯನ್ನೆಲ್ಲ ಕೂಡಿಸಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕ ಕೊಟ್ಟಿದ್ದ. ಇನ್ನೊಂದು ‘ಬುದ್ಧಿವಂತ ವಿನ್ಯಾಸ’. ಜೀವಕೋಶದ ಕೆಲವು ಭಾಗಗಳು ವಿಕಾಸದಿಂದ ಆಗಲಾರದಷ್ಟು ಜಟಿಲ, ಅಲ್ಲಿ ವಿನ್ಯಾಸಕನ ಕೈ ಕಾಣುತ್ತದೆ ಅನ್ನುವ ವಾದ ಇದು. ಆಸ್ತಿಕ ವಿಕಾಸವಾದ ಇವೆರಡೂ ಅಲ್ಲ. 2005ರಲ್ಲಿ ಅಮೆರಿಕದ ಡೋವರ್ ಊರಿನಲ್ಲಿ, ಬುದ್ಧಿವಂತ ವಿನ್ಯಾಸವನ್ನು ತರಗತಿಗೆ ತಂದ ಶಾಲಾ ಮಂಡಳಿಯ ವಿರುದ್ಧ ಮೊಕದ್ದಮೆ ನಡೆಯಿತು. ಬುದ್ಧಿವಂತ ವಿನ್ಯಾಸ ವಿಜ್ಞಾನವಲ್ಲ ಎಂದು ಅಲ್ಲಿ ಸಾಕ್ಷಿ ಹೇಳಿದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಸ್ವತಃ ಕ್ಯಾಥೊಲಿಕ್. ವಿಜ್ಞಾನದಲ್ಲಿ ತೂತು ಹುಡುಕಿ ಅಲ್ಲಿ ದೇವರನ್ನು ಕೂರಿಸುವುದು ಇಂಥವರಿಗೆ ಹಿಡಿಸಲ್ಲ. ನಾಳೆ ಆ ತೂತು ಮುಚ್ಚಿಹೋದರೆ ದೇವರು ಎಲ್ಲಿಗೆ ಹೋಗಬೇಕು?

ಅಂದರೆ ಇದು ವಿಜ್ಞಾನದ ಹೊಸ ಸಿದ್ಧಾಂತವೇನೂ ಅಲ್ಲ. ಜೀವಶಾಸ್ತ್ರ ಅದೇ, ಅದಕ್ಕೆ ಕೊಡುವ ಅರ್ಥ ಬೇರೆ. ‘ಆಸ್ತಿಕ ಗುರುತ್ವಾಕರ್ಷಣೆ’ ಅಂತ ಯಾರೂ ಹೇಳಲ್ಲ, ಅಲ್ವಾ? ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್‌ಗೂ ಈ ಹೆಸರು ಸರಿಬರಲಿಲ್ಲ. 2007ರಲ್ಲಿ ಅವರು ಕಟ್ಟಿದ ಬಯೋಲೋಗೋಸ್ ಸಂಸ್ಥೆ ಈಗ ‘ವಿಕಾಸದ ಮೂಲಕ ಸೃಷ್ಟಿ’ ಎಂಬ ಅರ್ಥದ ಹೆಸರನ್ನೇ ಬಳಸುತ್ತದೆ. ನನಗೂ ಅದೇ ಮೇಲು ಅನ್ನಿಸುತ್ತದೆ. ಅದರಲ್ಲಿ ಮುಖ್ಯ ಪದ ಸೃಷ್ಟಿ. ವಿಕಾಸ ಅದರ ವಿಧಾನ.

ಸೋತ ಮೇಲೆ ಮಾಡಿಕೊಂಡ ರಾಜಿ ಇದು ಅಂತ ಎರಡೂ ಕಡೆಯವರು ಮೂಗು ಮುರಿಯುತ್ತಾರೆ. ಆದರೆ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡ ಹೇಳುವ ಸೃಷ್ಟಿಯ ಆರು ದಿನಗಳು ನಾವು ಎಣಿಸುವಂಥ ದಿನಗಳಲ್ಲ ಎಂದು ಸಂತ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲೇ ಬರೆದಿದ್ದ. ದೇವರು ಮೊದಲಲ್ಲಿ ಬೀಜದಂಥ ಶಕ್ತಿಗಳನ್ನು ಇಟ್ಟ, ಅವು ಕಾಲಕ್ರಮದಲ್ಲಿ ರೂಪ ಪಡೆದವು ಎಂಬುದು ಅವನ ವಿಚಾರ. ಅವನೇನೂ ವಿಕಾಸವಾದಿಯಲ್ಲ, ಹಾಗೆ ಎಳೆದು ತರುವುದು ಬೇಡ. ಪಠ್ಯವನ್ನು ಬೇರೆ ಥರ ಓದುವುದು ಡಾರ್ವಿನ್ನನಿಗೆ ಹೆದರಿ ಶುರುವಾದದ್ದಲ್ಲ ಅನ್ನುವುದಕ್ಕೆ ಮಾತ್ರ ಅವನು ಸಾಕ್ಷಿ. ಇನ್ನು ಡಾರ್ವಿನ್ನನ ಪುಸ್ತಕ ಬಂದ 1859ರಲ್ಲೇ ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಪಾದ್ರಿ ಅವನಿಗೆ ಪತ್ರ ಬರೆದ. ತಾವೇ ಬೆಳೆಯಬಲ್ಲ ಕೆಲವು ಮೂಲ ರೂಪಗಳನ್ನು ದೇವರು ಮಾಡಿದ ಎಂದು ನಂಬುವುದೂ ದೇವರ ಬಗ್ಗೆ ಅಷ್ಟೇ ಉದಾತ್ತ ಭಾವನೆ ಅನ್ನುವುದು ಆ ಪತ್ರದ ಸಾರ. ಡಾರ್ವಿನ್ ಈ ಮಾತನ್ನು ಪಾದ್ರಿಯ ಹೆಸರು ಹೇಳದೆ ಎರಡನೇ ಆವೃತ್ತಿಯಲ್ಲಿ ಸೇರಿಸಿಕೊಂಡ.

ಆರು ದಿನದ ವಿಷಯ ನಿಜಕ್ಕೂ ಅಷ್ಟು ಕಷ್ಟದ್ದಲ್ಲ. ಕಷ್ಟ ಇರುವುದು ಬೈಬಲ್ಲಿನ ಮೊದಲ ಮನುಷ್ಯ ಆದಾಮನಲ್ಲಿ. ಆದಾಮನ ಪಾಪದಿಂದ ಮರಣ ಲೋಕಕ್ಕೆ ಬಂತು, ಕ್ರಿಸ್ತ ಅದನ್ನು ಸರಿಪಡಿಸಿದ ಎಂದು ಆದಿ ಕ್ರೈಸ್ತ ಗುರು ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಆದರೆ ಮನುಷ್ಯ ಹುಟ್ಟುವ ಎಷ್ಟೋ ಕಾಲ ಮೊದಲೇ ಡೈನೋಸಾರ್‌ಗಳು ಸತ್ತು ಮಣ್ಣಾಗಿದ್ದವು. ಜೊತೆಗೆ ಮನುಷ್ಯರು ಒಂದೇ ಜೋಡಿಯಿಂದ ಬಂದವರಲ್ಲ, ಸಾವಿರಾರು ಜನರ ಗುಂಪಿನಿಂದ ಬಂದವರು ಎಂದು ತಳಿಶಾಸ್ತ್ರ ಹೇಳುತ್ತದೆ. 1950ರಲ್ಲಿ 12ನೇ ಪಿಯಸ್ ಪೋಪ್ ಮನುಷ್ಯದೇಹದ ವಿಕಾಸದ ಬಗ್ಗೆ ಚರ್ಚಿಸಲು ಅಡ್ಡಿಯಿಲ್ಲ ಅಂದರು. ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಅಂದರು, ಮನುಷ್ಯರು ಒಂದೇ ಜೋಡಿಯಿಂದ ಬಂದವರಲ್ಲ ಅನ್ನುವ ಬಹುಮೂಲದ ವಿಚಾರಕ್ಕೆ ಬೇಲಿ ಹಾಕಿದರು. 1996ರಲ್ಲಿ 2ನೇ ಜಾನ್ ಪಾಲ್ ಪೋಪ್ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂದರು. ಆತ್ಮದ ಮಾತು ಹಾಗೇ ಉಳಿಯಿತು. ಆದಾಮನೆಂದರೆ ಇಡೀ ಮನುಷ್ಯಕುಲ ಅನ್ನುವವರಿದ್ದಾರೆ. ಆ ಗುಂಪಿನಿಂದ ದೇವರು ಆರಿಸಿಕೊಂಡ ಒಬ್ಬ ಮುಖಂಡ ಅನ್ನುವವರೂ ಇದ್ದಾರೆ. ಈ ವಿಷಯದಲ್ಲಿ ಆಸ್ತಿಕ ವಿಕಾಸವಾದಿಗಳಲ್ಲೇ ಒಮ್ಮತವಿಲ್ಲ.

ಈಗ ಆ ಉದ್ದೇಶದ ಪ್ರಶ್ನೆ. ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅಮೆರಿಕದಲ್ಲಿ ಡಾರ್ವಿನ್ನನ ಪರ ವಾದಿಸಿದವರಲ್ಲಿ ಮೊದಲಿಗ, ಜೊತೆಗೆ ನಿಷ್ಠಾವಂತ ಕ್ರೈಸ್ತ. ಹುಟ್ಟುವ ವ್ಯತ್ಯಾಸಗಳನ್ನೇ ದೇವರು ಒಳಿತಿನ ಕಡೆ ಹರಿಸುತ್ತಾನೆ, ಕಾಲುವೆಯಲ್ಲಿ ನೀರು ಹರಿಸಿದ ಹಾಗೆ ಎಂದು ಅವನು ವಾದಿಸಿದ. ಡಾರ್ವಿನ್ನನಿಗೆ ಒಪ್ಪಿಗೆಯಾಗಲಿಲ್ಲ. ಜೀವಂತ ಕಂಬಳಿಹುಳುವನ್ನು ಒಳಗಿನಿಂದ ತಿಂದು ಬೆಳೆಯುವ ಕಣಜದ ಮರಿಗಳನ್ನು ದಯಾಮಯನಾದ ದೇವರು ಬೇಕೆಂದೇ ಮಾಡಿದ ಎಂದು ಒಪ್ಪಲಾರೆ ಎಂದು 1860ರಲ್ಲಿ ಗ್ರೇಗೆ ಬರೆದ. ಹಾಗಿದ್ದೂ ಗ್ರೇಯ ಲೇಖನಗಳನ್ನು ಇಂಗ್ಲೆಂಡಿನಲ್ಲಿ ಹಂಚಲು ಏರ್ಪಾಡು ಮಾಡಿ ಖರ್ಚಿಗೂ ಕೈಹಾಕಿದ. 1868ರಲ್ಲಿ ತನ್ನ ಇನ್ನೊಂದು ಪುಸ್ತಕದ ಕೊನೆಯಲ್ಲಿ ಒಂದು ಉದಾಹರಣೆ ಕೊಟ್ಟ: ಬೆಟ್ಟದಿಂದ ಉರುಳಿಬಿದ್ದ ಕಲ್ಲುಗಳನ್ನು ಆರಿಸಿ ಒಬ್ಬ ಮನೆ ಕಟ್ಟುತ್ತಾನೆ. ಕಲ್ಲುಗಳು ಆ ಆಕಾರಕ್ಕೆ ಒಡೆದದ್ದು ಆ ಮನೆಗಾಗಿಯೇ ಅನ್ನಬಹುದೇ? ಗ್ರೇಯನ್ನು ಒಪ್ಪುವ ಆಸೆ ಎಷ್ಟಿದ್ದರೂ ಸಾಧ್ಯವಾಗುತ್ತಿಲ್ಲ ಅಂದ. ಆದರೆ ಎಲ್ಲ ಬಲ್ಲ ದೇವರಿದ್ದರೆ ಆ ಕಲ್ಲುಗಳು ಹೇಗೆ ಒಡೆಯುತ್ತವೆ ಅನ್ನುವುದೂ ಅವನಿಗೆ ಮೊದಲೇ ಗೊತ್ತಿರಬೇಕಲ್ಲ! ಅಲ್ಲಿಗೆ ಬಂದಾಗ ಡಾರ್ವಿನ್ನನೂ ಕೈಚೆಲ್ಲಿದ. ವಿಧಿ ಮತ್ತು ಸ್ವಂತ ಇಚ್ಛೆಯ ಒಗಟಿನಷ್ಟೇ ಬಿಡಿಸಲಾಗದ ತೊಡಕು ಇದು ಎಂದು ಬರೆದು ಆ ಪುಸ್ತಕ ಮುಗಿಸಿದ.