ಲಂಗರು ಬಿಡುವಂತಿಲ್ಲ: ಕಬ್ರೆರಾ ದ್ವೀಪಗಳ ನೀರಡಿಯ ಹುಲ್ಲುಗಾವಲು

ಕಬ್ರೆರಾ ಬಂದರಿನ ನೀರಿನ ಮೇಲೆ ಬಿಳಿ, ಹಳದಿ, ಕಿತ್ತಳೆ, ಕೆಂಪು ಬಣ್ಣದ ಐವತ್ತು ತೇಲುಗುಂಡುಗಳಿವೆ. ಸ್ವಂತ ದೋಣಿಯಲ್ಲಿ ಬಂದವರು ಬಣ್ಣ ನೋಡಿ ಕಟ್ಟಿಕೊಳ್ಳಬೇಕು. 12 ಮೀಟರ್ ಉದ್ದದವರೆಗಿನ ದೋಣಿಗೆ ಬಿಳಿ, ಅದಕ್ಕಿಂತ ದೊಡ್ಡದಕ್ಕೆ ಹಳದಿ, ಆಮೇಲೆ ಕಿತ್ತಳೆ, ತೀರಾ ದೊಡ್ಡದಕ್ಕೆ ಕೆಂಪು. ಅನುಮತಿಯನ್ನು ಮೊದಲೇ ಪಡೆದಿರಬೇಕು. ಗುಂಡು ಖಾಲಿ ಇಲ್ಲ, ಇಲ್ಲೇ ಒಂದು ಬದಿಗೆ ಲಂಗರು ಬಿಟ್ಟು ರಾತ್ರಿ ಕಳೆಯುತ್ತೇನೆ ಎನ್ನುವ ಹಾಗಿಲ್ಲ. ನೋಡುವುದಕ್ಕೆ ಇದು ಅಧಿಕಾರಿಗಳ ಹಟದಂತಿದೆ. ಕಾರಣ ತಿಳಿಯಬೇಕಾದರೆ ನೀರಿಗೆ ಮುಖ ಅದ್ದಿ ಕೆಳಗೆ ನೋಡಬೇಕು.

ಸ್ಪೇನಿನ ಮಯೋರ್ಕಾ ದ್ವೀಪದ ದಕ್ಷಿಣ ತುದಿಯಿಂದ ಸುಮಾರು ಹತ್ತು ಕಿಲೋಮೀಟರ್ ಆಚೆಗಿರುವ 19 ದ್ವೀಪಗಳ ಗುಂಪು ಕಬ್ರೆರಾ. ಹಲವು ದ್ವೀಪಗಳು ಬರೀ ಬಂಡೆಗಳು. ಎಲ್ಲವೂ ಸುಣ್ಣಕಲ್ಲಿನವು. ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದ್ದಾಗ ಇವು ಮಯೋರ್ಕಾಕ್ಕೆ ಅಂಟಿಕೊಂಡೇ ಇದ್ದವು; ನೀರು ಏರಿದಂತೆ ಗುಡ್ಡದ ನೆತ್ತಿಗಳಷ್ಟೇ ಉಳಿದವು. 1991ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆಗ ಹತ್ತು ಸಾವಿರ ಹೆಕ್ಟೇರಿನಷ್ಟಿದ್ದ ವಿಸ್ತೀರ್ಣವನ್ನು 2019ರಲ್ಲಿ ತೊಂಬತ್ತು ಸಾವಿರ ದಾಟುವಂತೆ ಹಿಗ್ಗಿಸಿದರು. ಅದರಲ್ಲಿ ನೆಲವಿರುವುದು ಸುಮಾರು 1,300 ಹೆಕ್ಟೇರ್ ಮಾತ್ರ. ಅಂದರೆ ದ್ವೀಪ ನೋಡಲು ಹೋದವರು ಉದ್ಯಾನದ ಅಂಚಿನ ಮೇಲೆ ನಿಂತು ಬಂದಂತೆ.

ನೀರಡಿಯಲ್ಲಿ ಇರುವುದು ಪೊಸಿಡೋನಿಯಾ ಓಷಿಯಾನಿಕಾ ಎಂಬ ಕಡಲಹುಲ್ಲು. ಪಾಚಿ ಎಂದು ತಪ್ಪು ತಿಳಿಯುವವರೇ ಹೆಚ್ಚು. ಆದರೆ ಇದಕ್ಕೆ ಬೇರಿದೆ, ಕಾಂಡವಿದೆ, ಎಲೆಯಿದೆ, ಇದು ಹೂ ಬಿಟ್ಟು ಕಾಯಿ ಕಟ್ಟುತ್ತದೆ. ನೆಲದ ಮೇಲಿದ್ದ ಪೂರ್ವಜರಿಂದ ಬಂದು ಕಡಲು ಸೇರಿದ ಸಸ್ಯ, ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯದು. ಎಲೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿ, ಉದ್ದ ಒಂದು ಮೀಟರ್‌ವರೆಗೂ ಹೋಗುತ್ತದೆ. ಕಬ್ರೆರಾದಂಥ ತಿಳಿನೀರಿನಲ್ಲಿ ಮೂವತ್ತೈದು, ನಲವತ್ತು ಮೀಟರ್ ಆಳಕ್ಕೂ ಇಳಿಯುತ್ತದೆ. ಬೆಳಕು ನಿಂತಲ್ಲಿ ಹುಲ್ಲೂ ನಿಲ್ಲುತ್ತದೆ.

ಶುಂಠಿಯ ಹಾಗೆ ಅಡ್ಡ ಹಬ್ಬುವ ಕಾಂಡ ಇದರದು. ಆದರೆ ಗರಿಕೆಯ ಅವಸರ ಇದಕ್ಕಿಲ್ಲ: ಅಡ್ಡಕ್ಕೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಮೇಲಕ್ಕೆ ಅಬ್ಬಬ್ಬಾ ಎಂದರೆ ಒಂದು ಸೆಂಟಿಮೀಟರ್. ಎಲೆಗಳ ನಡುವೆ ಹರಿವು ನಿಧಾನವಾಗಿ ಮರಳು, ಚೂರುಚಿಪ್ಪು ಕೂರುತ್ತವೆ; ಹೂತುಹೋಗದಿರಲು ಕಾಂಡ ಮೇಲೇರುತ್ತದೆ. ಹೀಗೆ ಹಳೆಯ ಕಾಂಡ, ಬೇರು, ಮರಳು ಹೆಣೆದು ಹಲವು ಮೀಟರ್ ದಪ್ಪದ ಹಾಸು ಕಟ್ಟಿಕೊಳ್ಳುತ್ತದೆ. ಒಳಗೆ ಆಮ್ಲಜನಕ ಇಲ್ಲದ ಕಾರಣ ಅದು ಬೇಗ ಕೊಳೆಯುವುದಿಲ್ಲ. ಸಾವಿರಾರು ವರ್ಷದ ಇಂಗಾಲ ಅಲ್ಲೇ ಉಳಿದುಬಿಟ್ಟಿದೆ.

ಇದರ ಮೇಲೆ ಲಂಗರು ಬಿದ್ದರೆ ಏನಾಗುತ್ತದೆ? ಹತ್ತು ಮೀಟರ್ ಆಳದಲ್ಲಿ ನಿಲ್ಲಲು ದೋಣಿಯವರು ಆಳದ ಮೂರರಿಂದ ಐದು ಪಟ್ಟು, ಅಂದರೆ 30ರಿಂದ 50 ಮೀಟರ್ ಸರಪಳಿ ಬಿಡುತ್ತಾರೆ. ಕೊಕ್ಕೆ ಕಾಂಡಕ್ಕೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ಗಾಳಿ ದಿಕ್ಕು ಬದಲಿಸಿದಾಗ ದೋಣಿ ತಿರುಗುತ್ತದೆ, ಸರಪಳಿ ತಳದ ಮೇಲೆ ಕಸಬರಿಗೆಯಂತೆ ಆಡುತ್ತದೆ. ಬೆಳಿಗ್ಗೆ ಲಂಗರು ಎತ್ತುವಾಗ ಒಂದು ಹಿಡಿ ಹಾಸು ಬೇರುಸಹಿತ ಮೇಲೆ ಬರುತ್ತದೆ. ಆ ಗುಂಡಿ ಮುಚ್ಚಲು ದಶಕಗಳು ಬೇಕು. ಅಷ್ಟರಲ್ಲಿ ಅಲೆಗಳು ಗುಂಡಿಯ ಅಂಚನ್ನು ಕೊರೆದು ಅದನ್ನೇ ದೊಡ್ಡದು ಮಾಡಿರುತ್ತವೆ. ತೇಲುಗುಂಡು ಬೇಕಾಗಿರುವುದು ಇದಕ್ಕೇ: ಅದರ ಹಗ್ಗ ತಳದಲ್ಲಿ ಒಂದೇ ಕಡೆ ಊರಿರುತ್ತದೆ. 2018ರಲ್ಲಿ, ಮಯೋರ್ಕಾ, ಕಬ್ರೆರಾಗಳೂ ಸೇರಿದ ಬಾಲಿಯಾರಿಕ್ ದ್ವೀಪಗಳ ಸರ್ಕಾರ ತನ್ನ ಕಡಲಲ್ಲೆಲ್ಲ ಪೊಸಿಡೋನಿಯಾ ಮೇಲೆ ಲಂಗರು ಬಿಡುವುದನ್ನು ನಿಷೇಧಿಸಿತು.

ದಡದಲ್ಲಿ ಕಂದು ಬಣ್ಣದ ಒಣ ಎಲೆಗಳ ರಾಶಿ ಕಂಡು ಮೂಗು ಮುರಿಯುವವರಿದ್ದಾರೆ. ಶರತ್ಕಾಲದಲ್ಲಿ ಉದುರಿದ ಈ ಎಲೆಗಳು ಚಳಿಗಾಲದ ಅಲೆಗಳಿಗೆ ಮೆತ್ತೆಯಂತೆ ಎದುರಾಗಿ ಮರಳನ್ನು ಕಾಯುತ್ತವೆ. ರಾಶಿ ಗುಡಿಸಿ "ಸ್ವಚ್ಛ" ಮಾಡಿದ ಕಡಲತೀರಗಳು ಮರಳನ್ನೂ ಕಳೆದುಕೊಳ್ಳುತ್ತವೆ. ರಾಶಿಯಲ್ಲಿ ತೆಂಗಿನ ನಾರಿನ ಉಂಡೆಯಂಥದ್ದು ಸಿಗಬಹುದು. ಅದೂ ಪೊಸಿಡೋನಿಯಾ ನಾರೇ, ಅಲೆ ಉರುಳಿಸಿ ಉರುಳಿಸಿ ಕಟ್ಟಿದ್ದು. ನೋಡಿ ಅಲ್ಲೇ ಇಡಿ.

ಹುಲ್ಲಿನಂಚಿನ ಬಂಡೆಗಳಲ್ಲಿ ಗ್ರೂಪರ್ ಮೀನುಗಳಿವೆ, ಮಂಗಳೂರು ಮಾರುಕಟ್ಟೆಯ ಮುರು ಮೀನಿನ ಬಳಗ. ಇಲ್ಲಿನ ಕಂದು ಗ್ರೂಪರ್ ಹೆಣ್ಣಾಗಿ ಬದುಕು ಆರಂಭಿಸಿ, ವರ್ಷಗಳ ಮೇಲೆ ದೊಡ್ಡದಾಗಿ ಗಂಡಾಗುತ್ತದೆ. ಹಾಗಾಗಿ ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಉಳಿಯುವುದು ಗಂಡಿಲ್ಲದ ಹಿಂಡು. ಉದ್ಯಾನದಲ್ಲಿ ಮೋಜಿನ ಮೀನುಗಾರಿಕೆ ಇಲ್ಲವೇ ಇಲ್ಲ. ಸಣ್ಣ ದೋಣಿಯ ಸ್ಥಳೀಯ ಮೀನುಗಾರರಿಗೆ ಮಾತ್ರ ನಿಯಮದೊಳಗೆ ಅವಕಾಶ.

ಎಲ್ಲಕ್ಕೂ ಉದ್ಯಾನದ ಗಡಿ ರಕ್ಷಣೆಯಾಗದು. ಹುಲ್ಲಿನ ನಡುವೆ ನೆಟ್ಟಗೆ ನಿಲ್ಲುತ್ತಿದ್ದ, ಒಂದು ಮೀಟರ್ ದಾಟಿ ಬೆಳೆಯುವ ಪಿನ್ನಾ ನೊಬಿಲಿಸ್ ಎಂಬ ಬೃಹತ್ ಚಿಪ್ಪುಜೀವಿಯನ್ನು 2016ರಲ್ಲಿ ಒಂದು ಏಕಕೋಶ ಪರಾವಲಂಬಿ ಬಡಿಯಿತು. ಪಶ್ಚಿಮ ಮೆಡಿಟರೇನಿಯನ್‌ನಲ್ಲಿ ಬಹುಪಾಲು ಸತ್ತವು. ಈಗ ಕಾಣುವುದು ಹೆಚ್ಚಾಗಿ ಖಾಲಿ ಚಿಪ್ಪು.

ನೆಲದ ಮೇಲೆ ಕಾಲಿಟ್ಟ ಐದು ನಿಮಿಷದಲ್ಲಿ ಹಲ್ಲಿಗಳು ಬಳಿಗೆ ಬರುತ್ತವೆ. ಮನೆಯ ಗೋಡೆಯ ಹಲ್ಲಿಯಲ್ಲ, ಬಿಸಿಲು ಕಾಯುವ ಚುರುಕಿನ ಜಾತಿ. ಇಲ್ಲಿಯವರ ಮಾತಿನಲ್ಲಿ ಸರ್ಗಂತಾನಾ. ಬುತ್ತಿ ಬಿಚ್ಚಿದರೆ ಬೂಟಿನ ಮೇಲೆ ಹತ್ತುತ್ತವೆ. ಈ ಧೈರ್ಯವೇ ಅವುಗಳ ದೌರ್ಬಲ್ಯ. ಮಯೋರ್ಕಾ ಮತ್ತು ಅದರ ನೆರೆಯ ಮೆನೋರ್ಕಾ ದ್ವೀಪಗಳ ಮುಖ್ಯ ನೆಲದಲ್ಲಿ, ಮನುಷ್ಯರು ತಂದ ಬೇಟೆಗಾರ ಪ್ರಾಣಿಗಳ ಬಾಯಿಗೆ ಸಿಕ್ಕು ಇವು ಎಂದೋ ಅಳಿದವು. ಸುತ್ತಲಿನ ಪುಟ್ಟ ದ್ವೀಪಗಳಲ್ಲಿ ಮಾತ್ರ ಉಳಿದವು. ಪಕ್ಕದ ಇಬಿಸಾ ದ್ವೀಪದಲ್ಲಿ ಈಗ ನಡೆಯುತ್ತಿರುವುದೂ ಅದೇ ಕತೆ. ಅಲಂಕಾರಕ್ಕೆಂದು ಸ್ಪೇನಿನ ಮುಖ್ಯನೆಲದಿಂದ ತರಿಸಿದ ಹಳೆಯ ಆಲಿವ್ ಮರಗಳ ಪೊಟರೆಯಲ್ಲಿ ಹಾವುಗಳು ಬಂದಿಳಿದವು. 2003ರಿಂದೀಚೆಗೆ ಅವು ಅಲ್ಲಿನ ಹಲ್ಲಿಯನ್ನು ಮುಗಿಸುತ್ತ ಬರುತ್ತಿವೆ, ಈಜಿಕೊಂಡು ಚಿಕ್ಕ ದ್ವೀಪಗಳನ್ನೂ ತಲುಪಿವೆ. ಕಬ್ರೆರಾಕ್ಕೆ ಸಾಕುಪ್ರಾಣಿ ತರಬಾರದು ಎನ್ನುವುದರ ಹಿಂದೆ ಇಂಥ ಅನುಭವವಿದೆ. ಬೂಟಿನ ತಳ, ಚೀಲದ ಮಡಿಕೆಗಳನ್ನು ಹೊರಡುವ ಮುಂಚೆ ಕೊಡವಿಕೊಳ್ಳಿ. ಬೀಜಗಳೂ ಹಾಗೇ ದಾಟುತ್ತವೆ. ಹಲ್ಲಿಗೆ ಬ್ರೆಡ್ ಚೂರು ಹಾಕಬೇಡಿ. ಹುಳ, ಹೂವಿನ ಮಕರಂದ ಅದರ ಊಟ, ಮಕರಂದಕ್ಕೆ ಹೋದಾಗ ಪರಾಗವನ್ನೂ ಹೊತ್ತೊಯ್ಯುತ್ತದೆ.

ಹಕ್ಕಿಗಾಗಿ ಹೋಗುವವರು ಸೆಪ್ಟೆಂಬರ್ ಆರಿಸಿಕೊಳ್ಳುವುದು ಒಳ್ಳೆಯದು. ಮಿಕ್ಕ ಹಕ್ಕಿಗಳು ವಸಂತದಲ್ಲಿ ಮರಿ ಮಾಡಿದರೆ ಎಲಿಯೊನೊರಾ ಚಾಣ ಜುಲೈ ಕೊನೆಯವರೆಗೂ ಕಾದು ಮೊಟ್ಟೆ ಇಡುತ್ತದೆ. ಯುರೋಪಿನ ಸಣ್ಣ ಹಕ್ಕಿಗಳು ಆಫ್ರಿಕಾಕ್ಕೆ ವಲಸೆ ಹೊರಟು ಕಡಲು ದಾಟಿ ಸುಸ್ತಾಗಿ ಬರುವ ಹೊತ್ತಿಗೆ ಸರಿಯಾಗಿ ಮರಿಗಳು ಬಾಯಿ ತೆರೆದಿರುತ್ತವೆ. ಅಕ್ಟೋಬರ್‌ನಲ್ಲಿ ಚಾಣಗಳೂ ಮಡಗಾಸ್ಕರ್‌ನತ್ತ ಹಾರುತ್ತವೆ. ಹೆಸರು ಬಂದದ್ದು ಸಾರ್ಡಿನಿಯಾದಲ್ಲಿ ಆಳಿದ ಎಲಿಯೊನೊರಾಳಿಂದ. 14ನೇ ಶತಮಾನದಲ್ಲೇ ಚಾಣಗಳ ಗೂಡಿಗೆ ಕಾನೂನಿನ ರಕ್ಷಣೆ ಕೊಟ್ಟವಳು.

ಮನುಷ್ಯರ ಇತಿಹಾಸ ಇಲ್ಲಿ ಅಷ್ಟು ಚೆಂದದ್ದಲ್ಲ. 1809ರಿಂದ 1814ರವರೆಗೆ ನೆಪೋಲಿಯನ್‌ನ ಸೈನ್ಯದ ಸಾವಿರಾರು ಸೆರೆಯಾಳುಗಳನ್ನು ಇಲ್ಲಿ ಬಿಟ್ಟಿದ್ದರು. ಸಿಹಿನೀರಿಗೆ ಒಂದು ಸಣ್ಣ ಒರತೆ. ಹಸಿವು, ರೋಗದಿಂದ ಬಹಳಷ್ಟು ಮಂದಿ ಸತ್ತರು. 1916ರಲ್ಲಿ ದ್ವೀಪ ಸ್ಪೇನಿನ ಸೇನೆಯ ವಶಕ್ಕೆ ಹೋಯಿತು. ಮಯೋರ್ಕಾದ ತೀರವನ್ನೆಲ್ಲ ಹೋಟೆಲುಗಳು ತುಂಬಿದಾಗ ಕಬ್ರೆರಾ ಬರಿದಾಗಿ ಉಳಿದದ್ದಕ್ಕೆ ಸೇನೆಯೇ ಮುಖ್ಯ ಕಾರಣ.

ಹೋಗುವ ದಾರಿ ಸರಳ. ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. ಮಯೋರ್ಕಾದ ಪಾಲ್ಮಾದಿಂದ ಬಸ್ಸಿನಲ್ಲಿ ಕೊಲೋನಿಯಾ ದೆ ಸಾಂಟ್ ಜೋರ್ಡಿ, ಅಲ್ಲಿಂದ ಪ್ರವಾಸಿ ದೋಣಿ. ವೇಗದ ದೋಣಿಗೆ ಅರ್ಧ ಗಂಟೆ, ನಿಧಾನದ್ದಕ್ಕೆ ಸುಮಾರು ಒಂದು ಗಂಟೆ. ಚಳಿಗಾಲದಲ್ಲಿ ದೋಣಿ ಅಪರೂಪ, ಬೇಸಿಗೆಯಲ್ಲೂ ಗಾಳಿ ಎದ್ದರೆ ರದ್ದು, ಆದ್ದರಿಂದ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಕಾಡು ವಿರಳ, ನೆರಳು ಕಡಿಮೆ: ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ಬಂದರಿನ ಮೇಲಿನ ಕೋಟೆಗೆ ಅರ್ಧ ಗಂಟೆಯ ಏರು. ದೂರದ ಕೆಲವು ದಾರಿಗಳಿಗೆ, ಸ್ಕೂಬಾ ಡೈವಿಂಗಿಗೆ ಅನುಮತಿ ಬೇಕು. ಬಂದರಿನ ಬಳಿಯ ತೀರಗಳಲ್ಲಿ ಮುಖವಾಡ ಹಾಕಿ ಈಜಲು ಅಡ್ಡಿಯಿಲ್ಲ. ನೇರಳೆ ಲೋಳೆಮೀನು ಕುಟುಕಿದರೆ ಸಮುದ್ರದ ನೀರಲ್ಲೇ ತೊಳೆಯಿರಿ. ಸಿಹಿನೀರು ಸುರಿದರೆ ಚರ್ಮಕ್ಕೆ ಅಂಟಿದ ಉಳಿದ ಕುಟುಕುಕೋಶಗಳೂ ಸಿಡಿಯುತ್ತವೆ. ಕಸವನ್ನೆಲ್ಲ ವಾಪಸು ಹೊತ್ತು ತರಬೇಕು.

ಮರಳುವಾಗ ಹೆಚ್ಚಿನ ದೋಣಿಗಳು ನೀಲಿ ಗವಿಯ ಬಳಿ ನಿಲ್ಲುತ್ತವೆ. ಬೆಳಿಗ್ಗೆ ಒಳಗೆ ಕತ್ತಲು. ಮಧ್ಯಾಹ್ನ ಕಳೆದು ಸೂರ್ಯ ಬಾಗಿದಾಗ ಬಾಯಿಯಿಂದ ಬಂದ ಬೆಳಕು ನೀರಿಗೆ ಇಳಿದು, ಬಿಳಿ ಮರಳಿಗೆ ಬಡಿದು, ಮತ್ತೆ ಮೇಲೇಳುತ್ತದೆ. ಅಷ್ಟು ದೂರದ ನೀರಿನ ಹಾದಿಯಲ್ಲಿ ಕೆಂಪು ಹೀರಿಹೋಗಿ ನೀಲಿಯೇ ಉಳಿದಿರುತ್ತದೆ. ಚಾವಣಿಯ ಬಂಡೆಯ ಮೇಲೂ ಅದೇ ನೀಲಿ ಅಲುಗುತ್ತಿರುತ್ತದೆ. ಅಲೆ ಜೋರಿದ್ದ ದಿನ ನಾವಿಕರು ಒಳಗೆ ಹೋಗುವುದಿಲ್ಲ.