ಮಗು ಉಳಿಯಿತು, ಮುಂದೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮಂಜೇಶ್ವರದ ಕಡೆ ಮಗುವಿಗೆ ಹುಷಾರಿಲ್ಲದೆ ತೀರಾ ಜೋರಾದರೆ ಗಾಡಿ ತಿರುಗುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಎಲ್ಲರಿಗೂ ಗೊತ್ತಾಯಿತು. ಐಸಿಯುವರೆಗಿನ ಈ ದಾರಿಯ ಬಗ್ಗೆ ಬೇಕಾದಷ್ಟು ಮಾತಾಗಿದೆ. ಅಲ್ಲಿಂದ ಮನೆಗೆ ಮರಳುವ ದಾರಿಯ ಬಗ್ಗೆ ಮಾತು ಕಡಿಮೆ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಡಲಾಗದವರಿಗೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಕೈಯಿಂದಲೇ ಗಾಳಿ ಒತ್ತಿದರು. ಐಸಿಯು ಹುಟ್ಟಿದ್ದು ಹಾಗೆ. 1955ರಲ್ಲಿ ಸ್ವೀಡನ್ನಿನಲ್ಲಿ ಮಕ್ಕಳಿಗೇ ಬೇರೆ ಘಟಕವಾಯಿತು. ಆಮೇಲೆ ಎಷ್ಟೋ ವರ್ಷ ಕೇಳುತ್ತಿದ್ದದ್ದು ಒಂದೇ, ಜೀವ ಉಳಿಯಿತೇ? ಅಪ್ಪ ಅಮ್ಮ ಬಾಗಿಲ ಹೊರಗೆ.

ಉಳಿಯುವ ಮಕ್ಕಳು ಜಾಸ್ತಿಯಾದಂತೆ ಬೇರೆ ಕಷ್ಟ ಕಾಣತೊಡಗಿತು. ಮಲಗಿಯೇ ಇದ್ದು ಸ್ನಾಯು ಸೊರಗುತ್ತದೆ. ರಾತ್ರಿ ಬೆಚ್ಚಿ ಏಳುತ್ತಾರೆ. ಪಾಠ ತಲೆಗೆ ಹತ್ತುವುದಿಲ್ಲ. ಅಮ್ಮನ ನಿದ್ದೆಯೂ ಹೋಗುತ್ತದೆ, ಮನೆಯಲ್ಲಿ ಉಳಿದ ತಮ್ಮನೂ ಮಂಕಾಗುತ್ತಾನೆ. ಇದಕ್ಕೆ ಪಿಐಸಿಎಸ್-ಪಿ ಎಂದು ಹೆಸರು, ಅಂದರೆ ಐಸಿಯುವಿನಿಂದ ಬಂದ ಮೇಲೆ ಮಕ್ಕಳಲ್ಲಿ ಉಳಿಯುವ ತೊಂದರೆಗಳ ಗುಂಪು. 2018ರಲ್ಲಿ ಸಂಶೋಧಕರು ಇದೆಲ್ಲವನ್ನೂ ಒಂದೇ ಚೌಕಟ್ಟಿಗೆ ತಂದಾಗ ಮನೆಯವರನ್ನೂ ಅದರೊಳಗೇ ಇಟ್ಟರು.

ಚೇತರಿಕೆಯ ಗುರಿ ಯಾರು ಹೇಳಬೇಕು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಆಸ್ಪತ್ರೆಯ ಚಾರ್ಟಿನ ಗುರಿ 'ಟ್ಯೂಬ್ ತೆಗೆಯುವುದು, ಕೂರಿಸುವುದು'. ಅದು ಬೇಕೇ ಬೇಕು. ಆದರೆ ಅಮ್ಮನಿಗೆ ಬೇಕಾದದ್ದು, ಮಗು ತಾನೇ ಗಂಜಿ ಉಣ್ಣಬೇಕು. ಕೆನಡಾದವರ ಸಿಒಪಿಎಂ ಎಂಬ ಅಳತೆಯಲ್ಲಿ ಯಾವ ಕೆಲಸ ಮುಖ್ಯ ಎಂದು ಮನೆಯವರೇ ಹೇಳುತ್ತಾರೆ. ಈಗ ಅದು ಎಷ್ಟು ಆಗುತ್ತಿದೆ, ಎಷ್ಟು ತೃಪ್ತಿ ಇದೆ ಎಂದು 1ರಿಂದ 10ರೊಳಗೆ ಅಂಕ ಕೊಡುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಕೇಳುತ್ತಾರೆ. ಗಂಜಿ ಉಣ್ಣುವುದನ್ನೇ ಒಡೆದರೆ ಮೊದಲು ಕತ್ತು ನಿಲ್ಲಬೇಕು, ಆಮೇಲೆ ನುಂಗಬೇಕು, ಆಮೇಲೆ ಚಮಚ ಹಿಡಿಯಬೇಕು. ವ್ಯಾಯಾಮ ಯಾಕೆಂದು ಆಗ ಮನೆಗೂ ಗೊತ್ತಾಗುತ್ತದೆ, ಅಲ್ವಾ?

ನಮ್ಮಲ್ಲಿ ತೊಡಕು ಭಾಷೆಯದು. ಅಮ್ಮ ತುಳುವಿನಲ್ಲಿ ಯೋಚಿಸಿ ಡಾಕ್ಟರಿಗೆ ಕನ್ನಡದಲ್ಲಿ ಹೇಳುತ್ತಾರೆ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಊರಿಗೆ ಬಂದ ಮೇಲೆ ಫಿಸಿಯೋಥೆರಪಿಯವರ ಮಾತು ಮಲಯಾಳ. ಅಷ್ಟರಲ್ಲಿ ಗಂಜಿಯ ಮಾತು ಎಲ್ಲೋ ಬಿದ್ದುಹೋಗಿರುತ್ತದೆ.

ಹಾಗೆಂದು ಇಲ್ಲಿನ ತಾಯಂದಿರಿಗೆ ತಿಳಿವಳಿಕೆ ಕಡಿಮೆ ಅನ್ನಬೇಡಿ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನೆಲ ಇದು. ಅಂಗವೈಕಲ್ಯದ ಮಕ್ಕಳನ್ನು ದಶಕಗಳಿಂದ ಎತ್ತಿ ಆಡಿಸಿದವರು ಇಲ್ಲಿದ್ದಾರೆ. ಮಗು ಆರು ತಿಂಗಳು ಕಳೆದು ಒಮ್ಮೆ ಚಮಚ ಹಿಡಿದರೂ ಅದು ಗೆಲುವು ಎಂದು ಅವರಿಗೆ ಯಾರೂ ಕಲಿಸಬೇಕಿಲ್ಲ. ಕೇಳುವವರು ಬೇಕು. ಅವರು ಹೇಳಿದ್ದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಡಿಸ್ಚಾರ್ಜ್ ಫೈಲಿನ ಮೊದಲ ಪುಟಕ್ಕೇ ಸೇರಿಸಬೇಕು: 'ಜಗಲಿಯಿಂದ ಅಂಗಳಕ್ಕೆ ತಾನೇ ಇಳಿಯಬೇಕು.'